ಎಡಗೈಗೆ ಜೋಡಿಸಿದ ಟ್ರೇ

...ಅಥವಾ ಕೊಟ್ಟೇಬಿಟ್ಟಿದ್ದೆನೋ. ಈ ಒಂದು ವಾಕ್ಯವನ್ನು ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದ್ದೇನೆ. ಮೊದಲು 'ಕೊಡಲಿಲ್ಲ' ಎಂದು ಬರೆದೆ. ಓದಿಕೊಂಡರೆ ಅದು ನನ್ನ ಬೀಳ್ಕೊಡುಗೆಯ ದಿನ ಮೈಕಿನಲ್ಲಿ ಬೇರೆಯವರು ಆಡಿದ ಮಾತಿನಂತೆ ಕೇಳಿಸಿತು. ಆಮೇಲೆ 'ಕೊಟ್ಟೆ' ಎಂದು ಬರೆದೆ. ಅದು ತಪ್ಪೊಪ್ಪಿಕೊಂಡು ದೊಡ್ಡವನಾಗಲು ಹೊರಟವನ ದನಿಯಂತಿತ್ತು. ಮೂರನೆಯ ಸಲ 'ನೆನಪಿಲ್ಲ' ಎಂದು ಬರೆದೆ. ಅದು ಶುದ್ಧ ಸುಳ್ಳು. ನೆನಪಿದೆ. ಕೊಟ್ಟದ್ದೂ ನೆನಪಿದೆ, ಕೊಡದಿದ್ದದ್ದೂ ನೆನಪಿದೆ. ಒಂದೇ ಬೆಳಿಗ್ಗೆ, ಒಂದೇ ಟೇಬಲ್ಲು, ಒಂದೇ ಕೈ.

ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ಈಗ ಈ ಕೆಲಸಕ್ಕೆ ಸೇರುತ್ತಿರುವ ನಿಮಗೆ ನಾನು ಏನು ಕೊಟ್ಟೆ, ಯಾರಿಗೆ ಕೊಟ್ಟೆ ಎಂದೇ ತಿಳಿಯುವುದಿಲ್ಲ.

ನಾನು ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವನು. ಗಂಡಸು ನರ್ಸನ್ನು ಆಸ್ಪತ್ರೆಯಲ್ಲಿ 'ಬ್ರದರ್' ಎನ್ನುತ್ತಾರೆ. ನನ್ನ ಊರು ಕುಪ್ಪಗಡ್ಡೆಯಲ್ಲಿ 'ಸೂಜಿ ಮಂಜ' ಎನ್ನುತ್ತಿದ್ದರು. ಅಪ್ಪ ಅಣ್ಣಂದಿರೆಲ್ಲ ಗದ್ದೆಯಲ್ಲಿರುವಾಗ ನಾನೊಬ್ಬ ಬಿಳಿ ಬಟ್ಟೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆ. ಬಸ್ಸು ಹೋಗುತ್ತಿದ್ದದ್ದು ಶಿಕಾರಿಪುರದ ಕಡೆಗೆ. ಆ ದಾರಿಯಲ್ಲಿ ಐವತ್ತು ಹಾಸಿಗೆಯ ಒಂದು ಆಸ್ಪತ್ರೆ. ಹೆಸರು ಬೇಡ. ಒಂದು ಥಿಯೇಟರು, ವಾರಕ್ಕೆ ಎರಡು ದಿನ ದೊಡ್ಡ ಆಪರೇಷನ್ನು. ಅಲ್ಲಿಗೆ ಮೆಡಿಕಲ್ ಕಾಲೇಜಿನಿಂದ ಸರ್ಜರಿ ಓದುವ ಪಿಜಿ ಡಾಕ್ಟರುಗಳನ್ನು ಮೂರು ಮೂರು ತಿಂಗಳಿಗೆ ಕಳಿಸುತ್ತಿದ್ದರು. ಬರುವಾಗ ಸೂಟ್‌ಕೇಸು ಎಳೆದುಕೊಂಡು ಬರುವರು. ಹೋಗುವಾಗ ಐದಾರು ಕಿಲೋ ಕಮ್ಮಿಯಾಗಿ ಹೋಗುವರು.

ಥಿಯೇಟರ್ ನರ್ಸಿನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ ಕೈ ಓದುವುದು. ಆಪರೇಷನ್ ಮಾಡುವವರು ಗಾಯದಿಂದ ಕಣ್ಣೆತ್ತುವುದಿಲ್ಲ. ಕೈ ಮಾತ್ರ ಪಕ್ಕಕ್ಕೆ ಬರುತ್ತದೆ. ಎರಡು ಬೆರಳು ಆಡಿಸಿದರೆ ಕತ್ತರಿ. ಪೆನ್ನು ಹಿಡಿದಂತೆ ಬೆರಳು ಕೂಡಿಸಿದರೆ ಚಾಕು. ಅಂಗೈ ಮೇಲಾಗಿ ಬಂದರೆ ಆರ್ಟರಿ, ಅಂದರೆ ರಕ್ತನಾಳ ಹಿಡಿಯುವ ಇಕ್ಕಳ. ಇವೆಲ್ಲ ಆರು ತಿಂಗಳಲ್ಲಿ ನಿಮಗೂ ಬರುತ್ತವೆ.

ನಮ್ಮ ಹಿರಿಯ ಸರ್ಜನ್ನರ ಹತ್ತಿರ ಇನ್ನೊಂದು ಕೈಯಿತ್ತು. ಯಾವ ಪುಸ್ತಕದಲ್ಲೂ ಇಲ್ಲದ್ದು. ಅಂಗೈ ಕೆಳಗಾಗಿ, ಮಣಿಕಟ್ಟು ಸಡಿಲವಾಗಿ, ಸ್ವಲ್ಪ ತಡವಾಗಿ ಬರುತ್ತಿತ್ತು. ಆಗ ನಾನು ಉದ್ದನೆಯ, ತೂಕದ ಆರ್ಟರಿಯನ್ನು ಇಡಬೇಕು. ಅದು ರೋಗಿಗಲ್ಲ. ಎದುರಿಗೆ ನಿಂತ ಪಿಜಿ ಡಾಕ್ಟರ ಬೆರಳ ಗೆಣ್ಣಿಗೆ. 'ಟಕ್' ಎಂದು ಒಂದೇ ಒಂದು. "ನೆನಪಿನ ಗುಳಿಗೆ" ಎಂದು ಅವರು ಅದನ್ನು ಕರೆಯುತ್ತಿದ್ದರು. ಅವರು ಕೆಟ್ಟವರಲ್ಲ. ಬಡ ರೋಗಿಯ ಮನೆಯವರ ಜೊತೆ ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿನ್ನುವ ಮನುಷ್ಯ. ಅವರಿಗೆ ಅವರ ಗುರುಗಳು ಹೊಡೆದಿದ್ದರು, ಅವರಿಗೆ ಕೈ ಬಂದಿತ್ತು, ಆದ್ದರಿಂದ ಹೊಡೆತದಿಂದಲೇ ಕೈ ಬರುತ್ತದೆ ಎಂದು ನಂಬಿದ್ದರು. ನಾನೂ ನಂಬಿದ್ದೆ. ಹದಿನೇಳು ವರ್ಷ ಆ ಕೈಗೆ ಆ ಇಕ್ಕಳವನ್ನು ಒಂದು ಕ್ಷಣವೂ ತಡಮಾಡದೆ ಕೊಟ್ಟಿದ್ದೇನೆ. ಚುರುಕು ಎಂದು ಹೆಸರೂ ಪಡೆದಿದ್ದೆ.

ನಾನು ನಿವೃತ್ತನಾದಾಗ ಭಾಷಣ ಮಾಡಿದ ಡಾಕ್ಟರೊಬ್ಬರು, "ಗೆಣ್ಣಿಗೆ ಹೊಡೆಯುವ ಪದ್ಧತಿಯನ್ನು ಈ ಥಿಯೇಟರಿನಲ್ಲಿ ನಿಲ್ಲಿಸಿದವರು ಮಂಜಪ್ಪನವರು" ಎಂದರು. ಚಪ್ಪಾಳೆ ಬಿತ್ತು. ನಾನು ಕೈಮುಗಿದೆ. ಕೈ ಮುಗಿದಿದ್ದರಿಂದಲೇ ಈಗ ಇದನ್ನು ಬರೆಯಬೇಕಾಗಿದೆ.

ಆದರೆ ಡಾಕ್ಟರುಗಳನ್ನು ನೋಡಿಕೊಳ್ಳಬೇಕು ಎಂಬ ಯೋಚನೆ ನನಗೆ ಮೊದಲು ಬಂದದ್ದು ಹೊಡೆತದಿಂದಲ್ಲ, ಊಟದಿಂದ. ರೋಗಿಯನ್ನು ನೋಡಿಕೊಳ್ಳಲು ಜನರಿದ್ದಾರೆ, ಉಪಕರಣ ನೋಡಿಕೊಳ್ಳಲು ಪುಸ್ತಕವಿದೆ, ಸಹಿ ಇದೆ. ಡಾಕ್ಟರನ್ನು ನೋಡಿಕೊಳ್ಳುವುದು ಯಾರ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ. ಎತ್ತರದ ಪಿಜಿ ಡಾಕ್ಟರೊಬ್ಬರು ಬಂದಿದ್ದರು. ಮೃದು ಸ್ವಭಾವ. ಪ್ರತಿ ಆಪರೇಷನ್ನಿಗೆ ಮುಂಚೆ ನಾನು ಕೇಳುತ್ತಿದ್ದೆ, "ತಿಂಡಿ ಆಯ್ತಾ ಸಾರ್?" ಅವರು, "ಆಯ್ತು ಬ್ರದರ್." ನಮ್ಮ ಕಡೆ ಅದು ಪ್ರಶ್ನೆಯೂ ಅಲ್ಲ, ಉತ್ತರವೂ ಅಲ್ಲ. ಎದುರು ಸಿಕ್ಕವರು ಕೇಳುತ್ತಾರೆ, ನಾವು ಆಯ್ತು ಎನ್ನುತ್ತೇವೆ. ಹೊಟ್ಟೆ ಹಸಿದು ಸಾಯುತ್ತಿದ್ದರೂ ಆಯ್ತು ಎನ್ನುತ್ತೇವೆ. ಇಲ್ಲ ಎಂದರೆ ಅವರು ಒಳಗೆ ಕರೆದು ಬಡಿಸಬೇಕಾಗುತ್ತದಲ್ಲ. ಒಂದು ಬೆಳಿಗ್ಗೆ ಮೂರು ತಾಸು ಗಾಯದ ಅಂಚನ್ನು ಎಳೆದು ಹಿಡಿದು ನಿಂತಿದ್ದವರು ಸೀದಾ ಹಿಂದಕ್ಕೆ ಬಿದ್ದರು. ನೆಲ ಒರೆಸಲು ನಿಂತಿದ್ದ ನಮ್ಮ ಆಯಾ ಬಸಮ್ಮ ತಲೆಗೆ ಕೈಕೊಟ್ಟು ಹಿಡಿದಳು. ಎಬ್ಬಿಸಿ ಕೂರಿಸಿದ ಮೇಲೆ ಗೊತ್ತಾಯಿತು, ಹಿಂದಿನ ಮಧ್ಯಾಹ್ನದಿಂದ ನೀರು ಬಿಟ್ಟರೆ ಏನೂ ಇಲ್ಲ.

ಬಸಮ್ಮ ನನ್ನನ್ನು ಮೂಲೆಗೆ ಕರೆದು ಬೈದಳು. "ಅಲ್ರೀ ಅಣ್ಣಾರೆ, ಆಯ್ತಾ ಅಂತ ಕೇಳಿದ್ರ ಆಯ್ತು ಅಂತಾರ. ಏನು ಪಲ್ಯ ಇತ್ತು ಅಂತ ಕೇಳ್ರಿ. ಉಂಡಿರದವ್ರು ತಡವರಿಸ್ತಾರ."

ಅಂದಿನಿಂದ ಹಾಗೆಯೇ ಕೇಳಿದೆ. ತಡವರಿಸಿದವರಿಗೆ ಪಕ್ಕದ ಕೋಣೆಯಲ್ಲಿ ಅವಲಕ್ಕಿ ಮೊಸರು, ಕೂರಲು ಒಂದು ಸ್ಟೂಲು. ಸರ್ಜನ್ನರು ಗೊಣಗಿದರು, "ಏನೋ ಮಂಜಪ್ಪ, ಬಾಣಂತಿ ಕೋಣೆ ಮಾಡಿಯಲ್ಲೋ." ಗೊಣಗಿದರು, ಬೇಡ ಎನ್ನಲಿಲ್ಲ. ಒಂದು ದಿನ ಬಾಗಿಲು ತೆಗೆದರೆ ಅವರೇ ಆ ಸ್ಟೂಲಿನ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದರು.

ಇದನ್ನು ಬರೆಯುವಾಗ ನಾನು ಒಳ್ಳೆಯವನಂತೆ ಕಾಣುತ್ತಿದ್ದೇನೆ. ಆದ್ದರಿಂದ ಡಾಕ್ಟರ್ ರೇವತಿಯವರ ವಿಷಯಕ್ಕೆ ಈಗಲೇ ಬರುವುದು ಮೇಲು.

ಅವರು ಕೋಲಾರದ ಕಡೆಯವರು. ಎರಡನೇ ವರ್ಷದ ಪಿಜಿ. ಚಿಕ್ಕ ಆಳು, ಟೇಬಲ್ಲಿನ ಎತ್ತರಕ್ಕೆ ಮುಟ್ಟಲು ಕಾಲಡಿ ಮಣೆ ಇಡಬೇಕಿತ್ತು. ವಾರ್ಡಿನಲ್ಲಿ ರೋಗಿಗಳು ಅವರ ಹೆಸರು ಹಿಡಿದು ಕರೆಯುತ್ತಿದ್ದರು. ಅಷ್ಟು ಬೇಗ ಹೊಂದಿಕೊಂಡಿದ್ದರು. ಥಿಯೇಟರಿಗೆ ಬಂದರೆ ಮಾತ್ರ ಬೇರೆಯವರೇ ಆಗಿಬಿಡುವರು. ನಾನು ಸೂಜಿ ಹಿಡಿಸಿದ ಇಕ್ಕಳ ಕೊಟ್ಟರೆ ಬಲಗೈಯಲ್ಲಿ ತೆಗೆದುಕೊಂಡು, ಒಂದು ಕ್ಷಣ ನಿಂತು, ಎಡಗೈಗೆ ದಾಟಿಸಿ, ಮತ್ತೆ ಬಲಗೈಗೆ ತಂದು, ಅಷ್ಟರಲ್ಲಿ ಸೂಜಿ ತಿರುಗಿಹೋಗಿ, ಹೊಲಿಗೆ ಓರೆಯಾಗಿ. ಸರ್ಜನ್ನರ ಆ ಕೈ ನನ್ನ ಕಡೆ ಬರುವುದು. ನಾನು ಕೊಡುವುದು. ಟಕ್.

"ಕೈ ಬದಲಿ ಮಾಡಬ್ಯಾಡ್ರಿ. ಚಪಾತಿ ಲಟ್ಟಸ್ತಿರೇನು ಇಲ್ಲಿ?"

"ಸಾರಿ ಸರ್."

ಎರಡು ವಾರವಾಗಿರಬೇಕು, ಸರ್ಜನ್ನರು ಕೈ ತೊಳೆಯುತ್ತ ಕೇಳಿದರು, "ಮಂಜಪ್ಪ, ಹೆಂಗದಾಳೋ ಈ ಹುಡುಗಿ? ನೀ ಕೈ ನೋಡಿದಾಂವ."

ನಾನು ಹೇಳಿದೆ, "ಕೈ ಕೂಡಿ ಬರಲ್ಲ ಅನ್ಸುತ್ತೆ ಸಾರ್."

ಇದರಲ್ಲಿ ನನಗೆ ಅನುಮಾನವಿಲ್ಲ. ಈ ಮಾತು ನನ್ನದೇ, ನಲ್ಲಿಯ ನೀರಿನ ಸದ್ದಿನ ಸಮೇತ ನೆನಪಿದೆ. ಸರ್ಜನ್ನರು ನನ್ನ ಮಾತಿಗೆ ಬೆಲೆ ಕೊಡುತ್ತಿದ್ದರು. ಆಮೇಲೆ ಅವರು ರೇವತಿಯವರಿಗೆ ಹೊಲಿಗೆ ಕೊಡುವುದನ್ನೇ ಕಡಿಮೆ ಮಾಡಿದರು. ಎಳೆದು ಹಿಡಿಯುವುದು, ದಾರ ಕತ್ತರಿಸುವುದು, ಅಷ್ಟೇ. ಸರ್ಜರಿ ಓದುವವರಿಗೆ ಅದು ಹೊಡೆತಕ್ಕಿಂತ ದೊಡ್ಡ ಹೊಡೆತ. ಅವರು ವಾರ್ಡಿನಲ್ಲೂ ನಗುವುದನ್ನು ಬಿಟ್ಟರು. ಊಟದ ಡಬ್ಬಿ ಹಾಗೆಯೇ ವಾಪಸು ಹೋಗುತ್ತಿತ್ತು. ಪಲ್ಯ ಏನಿತ್ತು ಎಂದರೆ, "ಬಿಡಿ ಬ್ರದರ್" ಎನ್ನುತ್ತಿದ್ದರು.

ಒಂದು ಸಂತೆಯ ದಿನ ಬಸಮ್ಮ ಅವರ ಕೋಣೆಯ ಬಾಗಿಲು ಬಡಿದು ಹೊರಡಿಸಿದಳು. "ಬರ್ರಿ ಮೇಡಮ್ಮಾರೆ, ಶಿರಾಳಕೊಪ್ಪದಾಗ ಮಿರ್ಚಿ ತಿಂದು ಬರೂಣು. ಗ್ವಾಡಿ ನೋಡಿ ನೋಡಿ ಗ್ವಾಡಿನೂ ಬ್ಯಾಸರಾಗೈತಿ." ನನ್ನನ್ನೂ ಕರೆದಳು, ಚೀಲ ಹೊರಲು ಎಂದು ಕಾಣುತ್ತದೆ.

ಮೆಕ್ಕೆಜೋಳದ ವ್ಯಾಪಾರಿಯ ಅಂಗಡಿಯ ಮುಂದೆ ಬಸಮ್ಮನ ಪರಿಚಯದ ಹೆಂಗಸೊಬ್ಬಳು ತುಂಬಿದ ಚೀಲಗಳ ಬಾಯಿ ಹೊಲಿಯುತ್ತಿದ್ದಳು. ಕೈಯಲ್ಲಿ ದಬ್ಬಣ, ಸುತಲಿ ದಾರ. ನಿಂತು ನೋಡುತ್ತಿದ್ದ ರೇವತಿಯವರನ್ನು ಕೆಣಕಿದಳು, "ಏನು ಡಾಕ್ಟ್ರಮ್ಮ, ಮನುಷ್ಯಾರ್ನ ಹೊಲಿತೀರಂತ? ಒಂದು ಚೀಲ ಹೊಲೀರಿ ನೋಡೂಣು. ಚೀಲ ಅಳಂಗಿಲ್ಲ, ಹೆದರಬ್ಯಾಡ್ರಿ."

ರೇವತಿಯವರು ದಬ್ಬಣವನ್ನು ತೆಗೆದುಕೊಂಡರು. ಬಲಗೈಯಲ್ಲಿ. ಒಂದು ಚುಚ್ಚು, ಎರಡು. ಆಮೇಲೆ ಯಾರೂ ಸಾರ್ ಇಲ್ಲ, ಟೇಬಲ್ಲಿಲ್ಲ ಎಂಬುದು ಕೈಗೇ ಗೊತ್ತಾಯಿತೋ ಏನೋ, ದಬ್ಬಣ ಎಡಗೈಗೆ ಹೋಯಿತು. ಹೋದದ್ದೇ ತಡ ಸರಸರನೆ ಚೀಲದ ಬಾಯಿ ಮುಗಿದು ಗಂಟೂ ಬಿತ್ತು. ಸಮನಾದ ಹೊಲಿಗೆ, ಅಳತೆ ಹಿಡಿದಂತೆ. ಆ ಹೆಂಗಸು, "ಯವ್ವಾ, ನನ್ನ ಕೂಲಿ ಕಸಿತೀರಿ ನೀವು" ಎಂದು ದಬ್ಬಣ ಕಿತ್ತುಕೊಂಡಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಒಂದು ತಿಂಗಳು ನಾನು ಪ್ರತಿಯೊಂದು ಉಪಕರಣವನ್ನೂ ಅವರ ಬಲಗೈಗೆ ಇಟ್ಟಿದ್ದೆ. ಸೂಜಿಯ ಮೂತಿಯನ್ನು ಬಲಗೈಯವರಿಗೆ ಬೇಕಾದ ಕಡೆಗೇ ತಿರುಗಿಸಿ ಹಿಡಿಸಿದ್ದೆ. ಎಡಗೈಯಲ್ಲಿ ಕೊಡಬಾರದು, ಎಡಗೈಗೆ ಇಡಬಾರದು ಎಂದು ಮನೆಯಲ್ಲಿ ಕಲಿತದ್ದು ನನ್ನ ಮೊಣಕೈವರೆಗೂ ಇಳಿದಿತ್ತು. ಕೈ ಓದುವವನು ನಾನು. ಒಂದು ಕೈಯನ್ನು ಕೈಯೆಂದೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ನಂಗ ಮೊದಲ ದಿನಾನೇ ಗೊತ್ತಿತ್ತು" ಎಂದಳು ಬಸಮ್ಮ, ಮಿರ್ಚಿ ಬಜ್ಜಿ ಕಡಿಯುತ್ತ. "ಬಟ್ಟಿ ಹಿಂಡೂದು ನೋಡಿದ್ನೆಲ್ಲ. ನಾವು ಹಿಂಗ ತಿರುವಿದ್ರ ಅವ್ರು ಹಂಗ ತಿರುವತಾರ."

"ಮತ್ತೆ ಹೇಳ್ಬೇಕಲ್ವಾ ಮಾರಾಯ್ತಿ?"

"ಯಾರು ಕೇಳಿದ್ರಿ ನನ್ನ?"

ರೇವತಿಯವರು ಕಾಗದದ ಮೇಲಿನ ಎಣ್ಣೆಯನ್ನೇ ನೋಡುತ್ತ ಹೇಳಿದರು. ಚಿಕ್ಕವರಿದ್ದಾಗ ಅಜ್ಜಿ ಊಟಕ್ಕೆ ಕೂತರೆ ಎಡಗೈಗೆ ಟವೆಲು ಸುತ್ತಿ ಕಟ್ಟುತ್ತಿದ್ದರಂತೆ. ಉಣ್ಣುವುದು ಬಲಗೈಗೆ ಬಂತು, ಬರೆಯುವುದು ಬಂತು. "ಸರಿಹೋಯ್ತು ಅಂದ್ಕೊಂಡಿದ್ದೆ ಬ್ರದರ್. ಸರ್ಜರಿಗೆ ಬಂದ್ಮೇಲೆ ಎಡಗೈ ಎದ್ದು ಕೂತ್ಬಿಡ್ತು. ಬಲಗೈಲಿ ಹೊಲಿದ್ರೆ ನಿಧಾನ. ಎಡಗೈಲಿ ಹಿಡಿದ್ರೆ ಇಕ್ಕಳ ಬಿಟ್ಟುಕೊಳ್ಳಲ್ಲ. ಕಾಲೇಜಲ್ಲಿ ಯಾರಿಗೂ ಹೇಳಿಲ್ಲ. ಹೇಳಿದ್ರೆ ನಗ್ತಾರೆ." ಬೆರಳಿನ ಎಣ್ಣೆಯನ್ನು ಕಾಗದಕ್ಕೆ ಒರೆಸಿ, "ಶನಿವಾರ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡ್ತೀನಿ. ಸೀಟ್ ಬಿಡ್ತೀನಿ. ಶುಕ್ರವಾರದ ಕೇಸು ಮುಗಿಸ್ಕೊಂಡೇ ಹೋಗೋಣ ಅಂತ."

ಇಷ್ಟು ವರ್ಷದ ಓದು. ಇಪ್ಪತ್ತೇಳು ವಯಸ್ಸು. ಮಿರ್ಚಿ ತಿನ್ನುತ್ತ ಹೇಳುವಷ್ಟು ಸಣ್ಣದಾಗಿ ಹೇಳಿದರು. ನಾನು ಏನು ಹೇಳಿದೆ? ಧೈರ್ಯದ ಮಾತು ಹೇಳಿದೆ ಎಂದು ಬರೆಯಬಹುದಿತ್ತು. ಹೇಳಲಿಲ್ಲ. ಸರ್ಜನ್ನರ ಮುಂದೆ ನಾನು ಆಡಿದ ಮಾತನ್ನೂ ಹೇಳಲಿಲ್ಲ. "ಇನ್ನೆರಡು ಮಿರ್ಚಿ ತರ್ಲಾ ಮೇಡಂ?" ಎಂದೆ.

ಬುಧವಾರ ಬೆಳಿಗ್ಗೆ ಹಳೆಯ ಉಪಕರಣಗಳ ಡಬ್ಬಿ ತೆಗೆದು ಎಡಗೈಯಲ್ಲಿ ಇಕ್ಕಳ ಹಿಡಿದು ನೋಡಿದೆ. ಇದು ನಿಮಗೆ ಉಪಯೋಗಕ್ಕೆ ಬರುವ ವಿಷಯ, ಗಮನವಿಟ್ಟು ಓದಿ. ಈ ಇಕ್ಕಳಗಳ ಹಿಡಿಕೆಯಲ್ಲಿ ಹಲ್ಲಿನ ಬೀಗವಿರುತ್ತದೆ. ಬಲಗೈಯ ಹೆಬ್ಬೆರಳು ತನ್ನಷ್ಟಕ್ಕೆ ಒತ್ತುವ ದಿಕ್ಕಿಗೆ ಅದು ಬಿಚ್ಚಿಕೊಳ್ಳುತ್ತದೆ. ಎಡಗೈಯ ಹೆಬ್ಬೆರಳು ಅದೇ ರೀತಿ ಒತ್ತಿದರೆ ಬೀಗ ಇನ್ನಷ್ಟು ಬಿಗಿಯುತ್ತದೆ. ಕತ್ತರಿಯೂ ಹಾಗೆಯೇ, ಎಡಗೈಯಲ್ಲಿ ಕತ್ತರಿಸುವುದಿಲ್ಲ, ಜಗಿಯುತ್ತದೆ. ಮೂವತ್ತು ವರ್ಷ ಇವುಗಳನ್ನು ತೊಳೆದು ಒರೆಸಿ ಎಣಿಸಿದ್ದೇನೆ, ಇವು ಬಲಗೈಗೆ ಮಾಡಿದ ವಸ್ತುಗಳು ಎಂದು ತಿಳಿದಿರಲಿಲ್ಲ. ಅರ್ಧ ಗಂಟೆ ಒದ್ದಾಡಿದ ಮೇಲೆ ಹೆಬ್ಬೆರಳನ್ನು ಒಳಕ್ಕೆ ಎಳೆದು, ಎದುರಿನ ಬೆರಳನ್ನು ಹೊರಕ್ಕೆ ತಳ್ಳಿದರೆ ಬಿಡುತ್ತದೆ ಎಂದು ಗೊತ್ತಾಯಿತು. ಬೆರಳಿನ ಚರ್ಮ ಸುಲಿದಿತ್ತು.

ಮಧ್ಯಾಹ್ನ ರೇವತಿಯವರನ್ನು ಕರೆದು ತೋರಿಸಿದೆ. ಅವರು ನನ್ನ ಬೆರಳು ನೋಡಿದರು, ಇಕ್ಕಳ ನೋಡಿದರು. "ನೀವ್ಯಾಕೆ ಎಡಗೈಲಿ..." ಎಂದು ನಿಲ್ಲಿಸಿದರು. ಅಂದೂ ಮರುದಿನವೂ, ಊಟದ ಬಿಡುವಿನಲ್ಲಿ, ಹಳೆಯ ಹಾಸಿಗೆಯ ಸ್ಪಂಜಿನ ತುಂಡು ಇಟ್ಟುಕೊಂಡು ಹೊಲಿದೆವು, ಬಿಚ್ಚಿದೆವು. ನಾನು ಸೂಜಿಯ ಮೂತಿ ಹಿಂದುಮುಂದು ಮಾಡಿ ಹಿಡಿಸಿ ಎಡಗೈಗೆ ಕೊಡುವುದನ್ನು ಕಲಿತೆ. ಹತ್ತರಲ್ಲಿ ನಾಲ್ಕು ಸಲ ಮರೆತು ಬಲಗೈಗೇ ಒಯ್ಯುತ್ತಿದ್ದೆ. ಅವರು ನಗುತ್ತಿದ್ದರು, "ಬ್ರದರ್, ಈಗ ನಿಮ್ಗೆ ಗೆಣ್ಣಿಗೆ ಕೊಡ್ಬೇಕು."

ಶುಕ್ರವಾರ. ರೋಗಿ ನಮ್ಮೂರಿನವನೇ, ಕುಪ್ಪಗಡ್ಡೆಯ ಮುದುಕ ಹುಚ್ಚಪ್ಪ, ಹರ್ನಿಯಾ. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರು. ಎದೆಯ ಹತ್ತಿರ ಅಡ್ಡಕ್ಕೆ ಹಸಿರು ಬಟ್ಟೆ. ಅದರಾಚೆ ಹುಚ್ಚಪ್ಪನ ಮುಖ. ನಿಮಗೆ ಇದನ್ನೂ ಹೇಳಬೇಕು, ಬಟ್ಟೆಯಾಚೆ ಒಬ್ಬ ಮನುಷ್ಯ ಎಚ್ಚರವಾಗಿದ್ದಾನೆ ಎಂಬುದನ್ನು ಥಿಯೇಟರಿನಲ್ಲಿ ಎಲ್ಲರೂ ಹತ್ತು ನಿಮಿಷದಲ್ಲಿ ಮರೆತುಬಿಡುತ್ತಾರೆ.

ಅಂದು ಟ್ರೇಯನ್ನು ಎಡಗೈಯವರಿಗೆ ಜೋಡಿಸಿದ್ದೆ. ಸರ್ಜನ್ನರಿಗೆ ಹೇಳಿರಲಿಲ್ಲ. ಹೇಳಿ ಬೇಡ ಎನ್ನಿಸಿಕೊಳ್ಳುವ ಭಯ. ಅವರಿಗೆ ಬೇಕಾದದ್ದನ್ನು ಬೇರೆ ಚಿಕ್ಕ ತಟ್ಟೆಯಿಂದ ಕೊಡುತ್ತಿದ್ದೆ. ಮುಖ್ಯ ಕೆಲಸ ಮುಗಿದ ಮೇಲೆ ಅವರು, "ಮೇಲಿನ ಪದರ ನೀವು ಮುಚ್ರಿ" ಎಂದರು, ಉದಾಸೀನವಾಗಿ. ರೇವತಿಯವರು ಕಾಲಡಿಯ ಮಣೆ ಎತ್ತಿಕೊಂಡು ಟೇಬಲ್ಲಿನ ಈ ಪಕ್ಕಕ್ಕೆ ಬಂದರು.

"ಅಲ್ಲೇನು ಮಾಡಾಕತ್ತೀರಿ?"

"ಇಲ್ಲಿಂದ ಅನುಕೂಲ ಸರ್."

ನಾನು ಅವರ ಎಡಗೈಗೆ ಇಕ್ಕಳ ಇಟ್ಟೆ. ಮೊದಲ ಹೊಲಿಗೆ ಬಿತ್ತು. ಎರಡನೆಯದಕ್ಕೆ ಬೀಗ ಬಿಡಲಿಲ್ಲ. ಅವರ ಹೆಬ್ಬೆರಳು ಹಳೆಯ ಹಾಗೆಯೇ ಒತ್ತಿತು, ಇಕ್ಕಳ ಬಿಗಿಯಿತು. ಸರ್ಜನ್ನರ ಕೈ ನನ್ನ ಕಡೆ ಬಂತು. ಅಂಗೈ ಕೆಳಗಾಗಿ, ಮಣಿಕಟ್ಟು ಸಡಿಲವಾಗಿ.

ಮೊದಲ ನೆನಪು: ನಾನು ಆ ಕೈಗೆ ಉದ್ದನೆಯ ಆರ್ಟರಿಯ ಬದಲು ಮಡಚಿದ ಹತ್ತಿಬಟ್ಟೆಯ ತುಂಡೊಂದನ್ನು ಇಟ್ಟೆ. ಅವರು ಅದನ್ನು ನೋಡಿದರು. ಇದೇ ಭಾಷಣದಲ್ಲಿ ಬಂದದ್ದು.

ಎರಡನೆಯ ನೆನಪು: ನಾನು ಕೊಟ್ಟೆ. ತಲೆಯಲ್ಲಿ ಬೇಡ ಎನ್ನುತ್ತಿರುವಾಗಲೇ ಕೈ ಕೊಟ್ಟಿತು. ಲೋಹದ ತೂಕ ಬೆರಳಿನಿಂದ ಬಿಟ್ಟುಹೋದದ್ದು ಈಗಲೂ ಗೊತ್ತಾಗುತ್ತದೆ.

ಎರಡರಲ್ಲಿ ಯಾವುದೇ ಆಗಲಿ, ಅದರ ನಂತರದ್ದು ಎಲ್ಲರಿಗೂ ಒಂದೇ ತರಹ ನೆನಪಿದೆ. ಹಸಿರು ಬಟ್ಟೆಯಾಚೆಯಿಂದ ಹುಚ್ಚಪ್ಪನ ದನಿ ಬಂತು.

"ಡಾಕ್ಟ್ರೆ, ಆ ಹುಡ್ಗಿಗೆ ಬೈಬೇಡಿ ಮಾರಾಯ್ರೆ. ಈಗ ಸೂಜಿ ಯಾರ ಕೈಲಿದೆ ಹೇಳಿ? ಅವ್ರಿಗೆ ಸಿಟ್ಟು ಬಂದ್ರೆ ಚುಚ್ಚೋದು ನಂಗಲ್ದಾ?"

ಸರ್ಜನ್ನರು, "ಯಾರೂ ಬೈದಿಲ್ಲಪ್ಪ, ಮಲ್ಕೋ" ಎಂದರು.

"ಬೈಯ್ಯೋಕ್ ಮುಂಚೆ ಒಂದು ಸುಮ್ನಿರೋದು ಇರ್ತದಲ್ಲ, ಅದು ಕೇಳ್ತು. ನಮ್ಮಪ್ಪಂದೂ ಹಂಗೇಯ. ಏ ಸೂಜಿ ಮಂಜ, ನೀನಾದ್ರೂ ಹೇಳೋ."

ಅರಿವಳಿಕೆ ಡಾಕ್ಟರು ಮೊದಲು ನಕ್ಕರು. ಆಮೇಲೆ ಸರ್ಜನ್ನರ ಮಾಸ್ಕು ಅಲ್ಲಾಡಿತು. "ಮಂಜಪ್ಪ, ನಿಮ್ಮೂರಿನವ್ರು ಹೊಟ್ಟಿ ಕೊಯ್ದ್ರೂ ಬಾಯಿ ಮುಚ್ಚಂಗಿಲ್ಲಲ್ಲೋ" ಎಂದರು. ಆ ನಗುವಿನ ನಡುವೆ ರೇವತಿಯವರ ಹೆಬ್ಬೆರಳು ಒಳಕ್ಕೆ ಎಳೆದುಕೊಂಡಿತು, ಬೀಗ ಬಿಟ್ಟಿತು. ಉಳಿದ ಹೊಲಿಗೆಗಳು ಒಂದಾದ ಮೇಲೊಂದು ಬಿದ್ದವು. ಸರ್ಜನ್ನರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಎಡಚರೇನ್ರಿ ನೀವು?" ಎಂದರು. "ಹೂಂ ಸರ್." "ಮೊದ್ಲ ಯಾಕ ಹೇಳಲಿಲ್ಲ?" ನಾನು ಹತ್ತಿಬಟ್ಟೆಗಳನ್ನು ಎಣಿಸತೊಡಗಿದೆ.

ಕೈ ತೊಳೆಯುವಲ್ಲಿ ಸರ್ಜನ್ನರು ಬಲಗೈಯ ನಡುಬೆರಳನ್ನು ತೋರಿಸಿದರು. ಗೆಣ್ಣು ಸ್ವಲ್ಪ ಉಬ್ಬಿತ್ತು. "ನಮ್ಮ ಗುರುಗಳದ್ದು. ಇದ್ರಿಂದಾನೇ ಕಲಿತೆ ಅಂದ್ಕೊಂಡೀನಿ ಇಷ್ಟು ವರ್ಷ. ಇದಿಲ್ದಿದ್ರೂ ಕಲೀತಿದ್ನೇನೋ ಅಂತ ನೋಡಾಕ ಇನ್ನೊಂದು ಕೈ ಇಲ್ಲಲ್ಲೋ ನನ್ನ ಹತ್ರ." ಆಮೇಲೆ ಆ ಕೈ ನನ್ನ ಕಡೆ ಬರಲಿಲ್ಲ. ಉದ್ದನೆಯ ಆರ್ಟರಿ ಉದ್ದನೆಯ ಆರ್ಟರಿಯ ಕೆಲಸಕ್ಕೆ ಮರಳಿತು. ಅವರನ್ನೇ ಕೇಳಿ ಈ ಲೇಖನ ಸರಿಪಡಿಸೋಣವೆಂದರೆ ಅವರೀಗ ಇಲ್ಲ.

ಆದ್ದರಿಂದ ಕಳೆದ ತಿಂಗಳು ತಾಳಗುಂದಕ್ಕೆ ಹೋದೆ. ಬಸಮ್ಮ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ರಸ್ತೆಯ ಮೇಲೆ ಮೆಕ್ಕೆಜೋಳ ಹರವಿ ಕಾಲಿನಿಂದ ಕೆದಕುತ್ತಿದ್ದಳು. ನಾನು ಬರೆದದ್ದನ್ನು ಓದಿ ಹೇಳಿದೆ.

"ಹತ್ತಿಬಟ್ಟಿ?" ಎಂದು ನಕ್ಕಳು. "ಯಾವ ಹತ್ತಿಬಟ್ಟಿ? ನೀವು ಆರ್ಟರಿನೇ ಕೊಟ್ರಿ. ಆ ಮುದುಕ ಮಾತಾಡಿದ್ ಮ್ಯಾಲ ಸಾಹೇಬ್ರು ಅದನ್ನ ಟ್ರೇನಾಗ ಇಟ್ರು. ನಾ ತೊಳ್ದೀನಿ, ನಂಗೊತ್ತಿಲ್ಲೇನು?"

"ನಿಜ ಹೇಳು ಬಸಮ್ಮ."

"ನಿಜಾನೇ ಹೇಳಿದ್ದು. ಅಲ್ರೀ ಅಣ್ಣಾರೆ, ನಾ ಆವತ್ತು ಬಾಗಲ ಹೊರಗ ಇದ್ನೋ ಒಳಗಿದ್ನೋ..." ಕಾಲು ಆಡಿಸುವುದನ್ನು ನಿಲ್ಲಿಸಿದಳು. "ಒಳಗಿದ್ದೆ ಅನಸ್ತೈತಿ. ಆದ್ರ ತೊಳೆಯೂದು ದಿನಾ ತೊಳೀತಿದ್ನೆಲ್ಲ. ಯಾವ ದಿನದ್ದೋ."

ಅಲ್ಲಿಗೆ ಆ ವಿಚಾರ ಮುಗಿಯಿತು. ಹೊಡೆತ ನಿಲ್ಲಿಸಿದವರು ಯಾರು ಎಂದರೆ, ಹೊಲಿಗೆ ಹಾಕಿಸಿಕೊಳ್ಳುತ್ತ ಮಲಗಿದ್ದ ಹುಚ್ಚಪ್ಪ ಎಂದು ಬರೆದುಕೊಳ್ಳಿ. ಅವನಿಗೆ ಶಾಲು ಸಿಕ್ಕಿಲ್ಲ.

ಇನ್ನೊಂದು ಉಳಿದಿದೆ, ಅದರಲ್ಲಿ ಸಾಕ್ಷಿಗಳಿಲ್ಲ.

ಶನಿವಾರ ರೇವತಿಯವರು ಫೋನ್ ಮಾಡಲಿಲ್ಲ. ಉಳಿದ ಎರಡು ತಿಂಗಳು ಕೆಲಸ ಮಾಡಿದರು. ಸರ್ಜನ್ನರು ಎಡಗೈಯ ಕತ್ತರಿಯೊಂದನ್ನು ಎಲ್ಲಿಂದಲೋ ತರಿಸಿದರು. ಕೈ ಚೆನ್ನಾಯಿತು. ಮನಸ್ಸು ಪೂರ್ತಿ ಆಯಿತೆಂದು ಹೇಳಲಾರೆ. ಒಮ್ಮೊಮ್ಮೆ ಆಪರೇಷನ್ ಚೆನ್ನಾಗಿ ಮುಗಿದ ಮೇಲೆಯೂ ಆ ಸ್ಟೂಲಿನ ಮೇಲೆ ಗ್ಲೌಸು ತೆಗೆಯದೆ ಕೂತಿರುತ್ತಿದ್ದರು. ಕೇಳಿದರೆ, "ಏನಿಲ್ಲ, ವಾರ್ಡಿಗೆ ಹೋಗ್ಬೇಕು. ಅಲ್ಲಿ ಮಾತಾಡ್ತಾ ಇರೋದು ನಂಗಿಷ್ಟ" ಎನ್ನುತ್ತಿದ್ದರು. ನಾನು ಅದನ್ನು ದಣಿವು ಎಂದುಕೊಂಡೆ.

ಹೋಗುವ ದಿನ ಬಸ್ ಸ್ಟ್ಯಾಂಡಿಗೆ ಸೂಟ್‌ಕೇಸು ತಂದುಕೊಟ್ಟೆ. ಮಧ್ಯಾಹ್ನ. ಬಸ್ಸು ಬಂದು ನಿಂತಿತ್ತು, ಕಂಡಕ್ಟರು ಚಹಾಕ್ಕೆ ಹೋಗಿದ್ದ. ಅವರು ಮೊದಲ ಸಲ 'ಬ್ರದರ್' ಎನ್ನದೆ ಕರೆದರು.

"ಅಣ್ಣಾ, ಒಂದು ಕೇಳ್ತೀನಿ. ಕೈ ಬಂತು, ಸರಿ. ಆದ್ರೆ ನಾನು ಇದ್ರಲ್ಲೇ ಇರ್ಬೇಕಾ?"

ನನಗೆ ಆಗ ಗೊತ್ತಾಗಬೇಕಿತ್ತು, ಅದು ಬೇರೆ ಪ್ರಶ್ನೆ ಎಂದು. ಕೈ ಬರುವುದೂ ಇರಬೇಕೆನ್ನಿಸುವುದೂ ಒಂದಲ್ಲ. ನಾನು ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಆ ಬಸ್ಸು ಬಿಟ್ಟು ಮುಂದಿನದಕ್ಕೆ ಕಾಯಬಹುದಿತ್ತು. ಅದಕ್ಕೆ ಬದಲು, "ಇರಿ ಮೇಡಂ" ಎಂದೆ. ತಕ್ಷಣವೇ ಎಂದೆ. ಅಷ್ಟು ಕಷ್ಟಪಟ್ಟು ಕಲಿತ ಹೊಲಿಗೆ ವ್ಯರ್ಥವಾಗಬಾರದು ಎನ್ನಿಸಿತು. ಇನ್ನೂ ಒಂದಿತ್ತು: ನಾನು ನಲ್ಲಿಯ ಹತ್ತಿರ ಆಡಿದ ಮಾತು ಸುಳ್ಳಾಗಬೇಕಿತ್ತು. ಅದನ್ನು ಅವರಿಗೆ ಅಂದೂ ಹೇಳಲಿಲ್ಲ. ಅವರು ತಲೆಯಾಡಿಸಿ ಬಸ್ಸು ಹತ್ತಿದರು.

ಎರಡು ವರ್ಷದ ಮೇಲೆ ಬಂದ ಪಿಜಿ ಡಾಕ್ಟರೊಬ್ಬರು ಹೇಳಿದರು, ರೇವತಿ ಪರೀಕ್ಷೆ ಪಾಸು ಮಾಡಿದರು, ಕರಾವಳಿಯ ಕಡೆ ಒಂದು ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದಾರೆ ಎಂದು. ಅದರಾಚೆ ಅವರಿಗೂ ತಿಳಿದಿರಲಿಲ್ಲ. ಅವರ ನಂಬರು ನನ್ನ ಫೋನಿನಲ್ಲಿದೆ. ಮಾಡಿಲ್ಲ. ನಾನು ಕೇಳುವುದು ಅವರ ಯೋಗಕ್ಷೇಮವೋ, ನನಗೆ ಬೇಕಾದ ಕ್ಷಮೆಯೋ ಎಂದು ತೀರ್ಮಾನವಾಗುವವರೆಗೆ ಮಾಡಬಾರದು ಎಂದುಕೊಂಡಿದ್ದೇನೆ. ಇದೂ ನೆಪವಿರಬಹುದು.

ಅವರು ಅದರಲ್ಲೇ ಇದ್ದಾರೆ. ನಾನು ಇರಿ ಎಂದೆ, ಇದ್ದಾರೆ. ಅಷ್ಟು ತಿಳಿದಿದೆ. ಅಲ್ಲಿ ಬೆಳಿಗ್ಗೆ ಗ್ಲೌಸು ಹಾಕಿಕೊಳ್ಳುವಾಗ ಅವರಿಗೆ ಹೇಗೆನ್ನಿಸುತ್ತದೆ, ಸಂತೆಯ ದಿನವೇ ಬಿಟ್ಟು ಹೋಗಿದ್ದರೆ ಇನ್ನೂ ಚೆನ್ನಾಗಿರುತ್ತಿದ್ದರೇ, ನನಗೆ ಗೊತ್ತಿಲ್ಲ.